ನನ್ನ ಹಲ್ಲಿನ ಹುಳುಕು ಆಳವಾಗಿದೆ ಎಂದಿದ್ದಾರೆ ವೈದ್ಯರು. ಅದಕ್ಕೆ ಬಿಳಿ ಸಿಮೆಂಟ್ ತುಂಬಿಸಿದರೆ ಅದನ್ನು ಹಿಡಿಸುವ ಅಂಟು ಹಲ್ಲಿನ ನರವನ್ನು ಕೆಡಿಸುತ್ತದೆಯೇ? ಬೆಳ್ಳಿ ಸಿಮೆಂಟೇ ಮೇಲೇ?

‘ಹುಳುಕು ಆಳವಾಗಿದೆ’ ಎಂದು ನಿಮ್ಮ ವೈದ್ಯರು ಹೇಳಿದ ಮಾತನ್ನೇ ಗೌರಿಬಿದನೂರಿನಲ್ಲಿ ನಾನೂ ಕೇಳಿಸಿಕೊಂಡಿದ್ದೆ. ಕೆಳದವಡೆಯ ಹಲ್ಲನ್ನು ಕೊರೆಯುತ್ತಿದ್ದಾಗ ಗುಳಿಯ ತಳದಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕೆಂಪು ಚುಕ್ಕೆ ಕಾಣಿಸಿತು. ತಿರುಳು (ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೃದು ಭಾಗ) ತೆರೆದುಕೊಂಡಿದೆ, ಅದರ ಮೇಲೆ ಕ್ಯಾಲ್ಸಿಯಂ ಔಷಧಿಯಿಟ್ಟು ತಾತ್ಕಾಲಿಕವಾಗಿ ಮುಚ್ಚಿ ಕೆಲವು ವಾರ ನೋಡೋಣ ಎಂದರು ವೈದ್ಯರು. ಮತ್ತೆ ರಜೆ ಹಾಕಬೇಕಲ್ಲ, ಔಷಧಿಗೆ ಬೇರೆ ದುಡ್ಡು ಕೊಡಬೇಕಲ್ಲ ಎಂದು ನಾನು ‘ಇವತ್ತೇ ಮುಗಿಸಿಬಿಡಿ ಡಾಕ್ಟ್ರೇ’ ಎಂದು ಪಟ್ಟು ಹಿಡಿದೆ. ಅವರೂ ಒಪ್ಪಿ, ಆ ಚುಕ್ಕೆಯ ಮೇಲೆಯೇ ಆಮ್ಲದ ಜೆಲ್ ಹಾಕಿ ತೊಳೆದು, ಬಿಳಿ ಸಿಮೆಂಟನ್ನು ಹಿಡಿಸುವ ಬಾಂಡಿಂಗ್ ದ್ರವ, ಅಂದರೆ ಆ ಅಂಟನ್ನು ಸವರಿ, ಅದು ಗಟ್ಟಿಯಾಗಲು ನೀಲಿ ಬೆಳಕು ಹಿಡಿದರು.

ಆ ಹಟದ ಪರಿಣಾಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆ ಜೆಲ್ ಸಾಮಾನ್ಯವಾಗಿ ಶೇ. 37ರಷ್ಟು ಫಾಸ್ಫಾರಿಕ್ ಆಮ್ಲ. ತಿರುಳನ್ನು ಸುತ್ತುವರಿದ ಗಟ್ಟಿ ಪದರವಾದ ಡೆಂಟಿನ್‌ನ ಸೂಕ್ಷ್ಮ ನಾಳಗಳ ಬಾಯಿ ತೆರೆಯಲು ಅದು ಬೇಕು, ಆದರೆ ತೆರೆದ ತಿರುಳಿಗೆ ತಾಗಿದರೆ ರಕ್ತ ಒಸರುವುದು ಹೆಚ್ಚುತ್ತದೆ. ರಕ್ತದ ತೇವವಿದ್ದಲ್ಲಿ ಅಂಟು ಪೂರ್ತಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗದೆ ಉಳಿದ ಅಣುಗಳು, ಅದರಲ್ಲೂ ನೀರಿನಲ್ಲಿ ಸುಲಭವಾಗಿ ಬೆರೆಯುವ ಎಚ್‌ಇಎಂಎ ಎಂಬ ಅಂಟಿನ ರಾಸಾಯನಿಕ, ತಿರುಳಿಗಿಳಿದು ಜೀವಕೋಶಗಳಿಗೆ ಹಾನಿ ಮಾಡುತ್ತವೆ. ಅಂಟು ಸರಿಯಾಗಿ ಕೂರದ ಸಂದಿಯಲ್ಲಿ ಬ್ಯಾಕ್ಟೀರಿಯಾಗಳಿಗೂ ದಾರಿಯಾಗುತ್ತದೆ. 1990ರ ದಶಕದಲ್ಲಿ ತೆರೆದ ತಿರುಳನ್ನು ಅಂಟಿನಿಂದಲೇ ಮುಚ್ಚುವ ಪ್ರಯೋಗಗಳು ನಡೆದಿದ್ದವು. ಮನುಷ್ಯರ ಹಲ್ಲುಗಳಲ್ಲಿ ಉರಿಯೂತ ಉಳಿದು, ಹೊಸ ಡೆಂಟಿನ್ ಪದರ ಸರಿಯಾಗಿ ಮೂಡದೆ ಹೋಗುವುದು ಕಂಡುಬಂದದ್ದರಿಂದಲೇ ಈಗ ಆ ಜಾಗಕ್ಕೆ ಎಂಟಿಎ, ಬಯೋಡೆಂಟಿನ್‌ನಂಥ ಕ್ಯಾಲ್ಸಿಯಂ ಸಿಮೆಂಟುಗಳನ್ನು ಇಡುತ್ತಾರೆ. ನನಗೆ ಕೆಲವು ತಿಂಗಳಲ್ಲೇ ರಾತ್ರಿ ಹಲ್ಲು ಮಿಡಿಯತೊಡಗಿತು. ಕೆಡಿಸಿದ್ದು ಅಂಟೋ, ಮೊದಲೇ ಇಳಿದಿದ್ದ ಸೋಂಕೋ ಎಂದು ಬೇರ್ಪಡಿಸಿ ಹೇಳಲಾಗದು. ರೂಟ್ ಕೆನಾಲ್, ಕ್ಯಾಪ್ ಎರಡಕ್ಕೂ ದುಡ್ಡು ತೆತ್ತದ್ದಂತೂ ನಾನೇ.

ಆದ್ದರಿಂದ ಅಂಟು ಸುರಕ್ಷಿತವೇ ಎಂದು ಕೇಳುವುದನ್ನು ನಾನು ಒಪ್ಪುವುದಿಲ್ಲ. ಅಂಟಿಗೂ ತಿರುಳಿಗೂ ನಡುವೆ ಎಷ್ಟು ಡೆಂಟಿನ್ ಉಳಿದಿದೆ ಎಂದು ಕೇಳಿ. ಸಾಕಷ್ಟು ದಪ್ಪ ಉಳಿದಿದ್ದರೆ ಅದೇ ತಡೆಗೋಡೆ. ಅರ್ಧ ಮಿಲಿಮೀಟರಿಗಿಂತ ತೆಳುವಾಗಿದ್ದರೆ ಮೊದಲು ರಕ್ಷಣಾ ಪದರ ಬೇಕು. ಬೆಳ್ಳಿ ಸಿಮೆಂಟಿಗೆ ಸಾಮಾನ್ಯವಾಗಿ ಅಂಟು ಬೇಡ ಎನ್ನುವುದು ನಿಜ, ಆದರೆ ಲೋಹ ಬಿಸಿ-ತಂಪನ್ನು ಬೇಗ ದಾಟಿಸುವುದರಿಂದ ತೆಳುವಾದ ತಳದಲ್ಲಿ ಅದಕ್ಕೂ ಪದರ ಬೇಕು, ಮೇಲಾಗಿ ಹಿಡಿತಕ್ಕಾಗಿ ಒಳ್ಳೆಯ ಹಲ್ಲನ್ನೂ ಕೊರೆಯಬೇಕಾಗುತ್ತದೆ. (ನೀವು ಬಾಗೇಪಲ್ಲಿ, ಪಾವಗಡದಂಥ ಫ್ಲೋರೈಡ್ ನೀರಿನ ಕಡೆಯವರಾಗಿ ಹಲ್ಲಿನಲ್ಲಿ ಕಂದು ಕಲೆಗಳಿದ್ದರೆ ಅದನ್ನೂ ತೋರಿಸಿ, ಅಂಥ ಎನಾಮಲ್‌ಗೆ, ಅಂದರೆ ಹಲ್ಲಿನ ಹೊರಪದರಕ್ಕೆ, ಅಂಟು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ.)

ಬಿಸಿ ಕಾಫಿ ಕುಡಿದ ಮೇಲೆ ನೋವು ಬಹಳ ಹೊತ್ತು ನಿಲ್ಲುತ್ತದೆಯೋ, ರಾತ್ರಿ ತಾನಾಗಿಯೇ ಎಬ್ಬಿಸುತ್ತದೆಯೋ ಎಂಬುದನ್ನು ಇಂಜೆಕ್ಷನ್ ಕೊಡುವ ಮೊದಲೇ ವೈದ್ಯರಿಗೆ ಹೇಳಿ. ಹೌದಾದರೆ ತಿರುಳು ಆಗಲೇ ಕೆಟ್ಟಿರುವ ಸಂಭವ ಹೆಚ್ಚು. ಆಗ ಬಿಳಿಯದೋ ಬೆಳ್ಳಿಯದೋ ಎಂಬ ಚರ್ಚೆಗೇ ಅರ್ಥವಿಲ್ಲ.