ಯೆಜ್ಡಿಯ ಎಡಗಡೆ ಎಣ್ಣೆ, ಮತ್ತೆ ವಾಪಸ್ ಬಾರದ ಕಿಕ್ಕು

ಪ್ರಶ್ನೆ: ಸರ್ ನಮಸ್ಕಾರ. ಅಪ್ಪ ಓಡಿಸ್ತಿದ್ದ ಯೆಜ್ಡಿ 250 ಬೈಕು, ಎಂಟು ವರ್ಷ ಅಡಿಕೆ ಅಟ್ಟದ ಕೆಳಗೆ ನಿಂತಿತ್ತು, ಈಗ ರೆಡಿ ಮಾಡಿಸಿದೆ. ಕ್ಲಚ್ ಕವರಿಂದ ಎಣ್ಣೆ ನಿಲ್ತಾನೇ ಇಲ್ಲ. ಪ್ಯಾಕಿಂಗ್ ಎರಡು ಸಲ ಬದಲಿಸಿದ್ರು, ಎರಡನೇ ಸಲ ಬಿಚ್ಚಿ ಹಾಕಿದ ಮೇಲೆ ಕಿಕ್ ಹೊಡೆದ್ರೆ ಲಿವರ್ ಅಲ್ಲೇ ನಿಲ್ತದೆ, ಕಾಲಲ್ಲೇ ಮೇಲೆ ಎತ್ತಬೇಕು. ಮತ್ತೆ ಬಿಚ್ಚೋದಾ?
(ಶಿರಸಿ ಕಡೆಯ ಓದುಗರು)

ಉತ್ತರ: ಬಿಚ್ಚಬೇಕು, ಆದ್ರೆ ಇವತ್ತೇ ಬೇಡ. ಮೊದಲು ಎಣ್ಣೆ ಎಲ್ಲಿಂದ ಬರ್ತಿದೆ ಅಂತ ಕಣ್ಣಾರೆ ನೋಡಿ. ಸೀಮೆಎಣ್ಣೆ ಇಲ್ಲ ಡೀಸೆಲ್ ಹಾಕಿ ಬ್ರಷ್ಷಲ್ಲಿ ಎಡಗಡೆ ಪೂರ್ತಿ ತೊಳೀರಿ, ಬಟ್ಟೆಯಲ್ಲಿ ಒರೆಸಿ ಬಿಸಿಲಲ್ಲಿ ಒಣಗ್ಲಿ, ಆಮೇಲೆ ಮುಖಕ್ಕೆ ಹಚ್ಚೋ ಪೌಡರ್ ಇರ್ತದಲ್ಲ ಅದನ್ನ ಕವರಿನ ಅಂಚಿಗೆ, ಲಿವರ್ ಶಾಫ್ಟಿನ ಸುತ್ತ, ಕೆಳಗಿನ ಡ್ರೈನ್ ಬೋಲ್ಟಿಗೆ ಎಲ್ಲ ಕಡೆ ಉದುರಿಸಿ. ಒಂದೈದು ಕಿಲೋಮೀಟರ್ ಓಡಿಸಿ ಬಂದು ನೋಡಿದ್ರೆ ಎಣ್ಣೆ ಹೊರಟ ಜಾಗದಲ್ಲಿ ಪೌಡರ್ ಕಪ್ಪಗೆ ಒದ್ದೆಯಾಗಿರ್ತದೆ. ಗಾಳಿಗೆ ಎಣ್ಣೆ ಹಿಂದಕ್ಕೆ ಹರಡ್ತದೆ, ಹಾಗಾಗಿ ನೆಲಕ್ಕೆ ಬಿದ್ದ ಹನಿ ನೋಡಿ ತೀರ್ಮಾನ ಮಾಡಿದ್ರೆ ಯಾವಾಗ್ಲೂ ತಪ್ಪೇ ಆಗೋದು.

ನನಗನಿಸೋದು ನಿಮ್ಮದು ಪ್ಯಾಕಿಂಗ್ ಅಲ್ಲ, ಶಾಫ್ಟು. ಈ ಗಾಡೀಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್ ನೋಡಿ, ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಕಿಕ್, ಬಿಟ್ರೆ ಗೇರ್. ಅಂದ್ರೆ ಆ ಶಾಫ್ಟು ತಿರುಗ್ತದೆ, ಒಳಗೆ ಹೊರಗೆ ಜಾರ್ತದೆ, ಅದರ ಮೇಲೆ ದಿನಾ ನಿಮ್ಮ ಮೈಭಾರ ಬೀಳ್ತದೆ. ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ, ಹಾಗಾಗಿ ಎಷ್ಟೇ ಹೊಸದು ಅಂದ್ರೂ ಕವರಲ್ಲಿ ಆ ಶಾಫ್ಟು ಹೊರಗೆ ಬರೋ ತೂತು ಮೂವತ್ತು ವರ್ಷದ್ದು, ಸವೆದು ಮೊಟ್ಟೆ ಆಕಾರ ಆಗಿರ್ತದೆ. ಲಿವರ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಕವರಿನ ಹತ್ರ ಶಾಫ್ಟು ಕಣ್ಣಿಗೆ ಕಾಣೋ ಹಾಗೆ ಕದಲಿದ್ರೆ ಹೊಸ ರಬ್ಬರ್ ರಿಂಗ್ ಹಾಕಿದ್ರೂ ವಾರ ಬರೋದಿಲ್ಲ. ಕವರ್ ಲೇತಿಗೆ ಕೊಟ್ಟು ಆ ತೂತಿಗೆ ಬುಶ್, ಅಂದ್ರೆ ಲೋಹದ ಬಳೆ, ಕೂರಿಸ್ಬೇಕು. ಇದು ಹೇಳಿದ್ರೆ ಎಷ್ಟೋ ಮೆಕ್ಯಾನಿಕ್‌ಗಳು ಅದೆಲ್ಲ ಬೇಡ ಸಾರ್ ಅಂತ ಸಿಲಿಕಾನ್ ಪೇಸ್ಟ್ ಟ್ಯೂಬು ತೆಗೀತಾರೆ. ದಯವಿಟ್ಟು ಅದನ್ನ ಹಚ್ಚೋಕೆ ಬಿಡ್ಬೇಡಿ. ಹೆಚ್ಚು ಹಚ್ಚಿದ ಪೇಸ್ಟು ಒಳಕ್ಕೆ ಹಿಂಡಿ ಬಂದು ತುಂಡಾಗಿ ಎಣ್ಣೆಯಲ್ಲಿ ತಿರುಗ್ತಾ ಇರ್ತದೆ, ನಾನೇ ಒಂದು ಗಾಡಿಯ ಕ್ಲಚ್ ಪ್ಲೇಟಿನ ನಡುವಿಂದ ಅಂಥ ಕಪ್ಪು ಚೂರು ಚಿಮಟದಲ್ಲಿ ಕಿತ್ತಿದೀನಿ.

ಇನ್ನೊಂದು, ಎಣ್ಣೆ ಎಷ್ಟು ಹಾಕಿದೀರಿ? ಗೇರ್‌ಬಾಕ್ಸಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಸೋರ್ತದಲ್ಲ ಅಂತ ಮೇಲಿಂದ ಸುರೀತಾ ಹೋದ್ರೆ ಲೆವೆಲ್ ಮೀರಿ ಇನ್ನೂ ಸೋರ್ತದೆ. ಮೇನ್ ಸ್ಟ್ಯಾಂಡಲ್ಲಿ ನೆಟ್ಟಗೆ ನಿಲ್ಲಿಸಿ ಲೆವೆಲ್ ಸ್ಕ್ರೂ ಬಿಚ್ಚಿ, ಹೆಚ್ಚಿದ್ದದ್ದು ತಾನೇ ಹೊರಗೆ ಬರ್ಲಿ. ರಾತ್ರಿ ಸೈಡ್ ಸ್ಟ್ಯಾಂಡಲ್ಲಿ ಎಡಕ್ಕೆ ವಾಲಿಸಿ ನಿಲ್ಸಿದ್ರೆ ಎಣ್ಣೆಯೆಲ್ಲ ಕವರಿನ ಕಡೆಗೇ ಬಂದು ನಿಲ್ತದೆ, ಬೆಳಿಗ್ಗೆ ಅಂಗಳದಲ್ಲಿ ಕಲೆ ದೊಡ್ಡದು ಕಾಣೋದು ಅದಕ್ಕೇ.

ಈಗ ಕಿಕ್ಕಿನ ವಿಷಯ. ಲಿವರ್ ವಾಪಸ್ ತರೋ ಸ್ಪ್ರಿಂಗ್ ಮುರಿದಿರಬಹುದು, ಆದ್ರೆ ಬಿಚ್ಚಿ ಹಾಕಿದ ಮೇಲೇ ಶುರುವಾಗಿದೆ ಅಂತೀರಿ ಅಂದ್ರೆ ಹೆಚ್ಚಾಗಿ ಕೊಕ್ಕೆ ತಪ್ಪಿದೆ ಇಲ್ಲ ಬಿಗಿ ಕೊಡದೇ ಹಾಕಿದಾರೆ. ಕವರ್ ಎಳೆಯುವಾಗ ಶಾಫ್ಟೂ ಜೊತೆಗೇ ಬಂದ್ರೆ ಒಳಗೆ ಸ್ಪ್ರಿಂಗ್ ಬಿಚ್ಚಿಕೊಳ್ತದೆ, ಅದಕ್ಕೆ ಒಂದು ಹೆಬ್ಬೆರಳಲ್ಲಿ ಶಾಫ್ಟಿನ ತುದಿ ಒಳಕ್ಕೆ ಒತ್ತಿ ಹಿಡ್ಕೊಂಡೇ ಕವರ್ ಬಿಡಿಸ್ಬೇಕು. ತೆಗೆದ ಕೂಡಲೇ ಮೊಬೈಲಲ್ಲಿ ಎರಡು ಮೂರು ಫೋಟೋ ತೆಗೀರಿ, ಸ್ಪ್ರಿಂಗಿನ ಎರಡೂ ತುದಿ ಕಾಣೋ ಹಾಗೆ. ಜೋಡಿಸುವಾಗ ಸ್ಪ್ರಿಂಗಿಗೆ ಮೊದಲೇ ಸ್ವಲ್ಪ ಬಿಗಿ ಇರ್ಲೇಬೇಕು, ಸಡಿಲ ಕೂತ ಸ್ಪ್ರಿಂಗ್ ಕೊನೇ ಸ್ವಲ್ಪ ದೂರ ಎಳೆಯೋದಿಲ್ಲ. ಕೊಕ್ಕೆ ಎಳೆಯುವಾಗ ಮುಖ ದೂರ ಇಟ್ಕೊಳ್ಳಿ, ಜಾರಿದ್ರೆ ಚರ್ಮ ಹರೀತದೆ. ಆಮೇಲೆ ಕವರ್ ಮುಚ್ಚೋ ಮೊದಲೇ ಲಿವರನ್ನ ಸುಮ್ಮನೆ ಶಾಫ್ಟಿಗೆ ಸಿಗಿಸಿ ಕೈಯಲ್ಲೇ ನಿಧಾನ ತಿರುಗಿಸಿ ಬಿಡಿ. ಹತ್ತು ಸಲಕ್ಕೆ ಹತ್ತೂ ಸಲ ತಾನಾಗೇ ಬಂದು ಗೇರಿನ ಜಾಗದಲ್ಲಿ ಕೂರ್ಬೇಕು. ಒಂಬತ್ತು ಸಲ ಬಂದ್ರೆ ಸಾಕು ಅನ್ನೋ ಲೆಕ್ಕ ಇಲ್ಲಿಲ್ಲ.

ಹೊಸ ರಿಂಗ್ ಹಾಕುವಾಗ ಶಾಫ್ಟಿನ ತುದಿಯ ಹಲ್ಲುಗಳು ಬ್ಲೇಡಿನ ಹಾಗೆ, ರಬ್ಬರನ್ನ ಕೊಯ್ದು ಬಿಡ್ತವೆ, ನಿಮಗೆ ಗೊತ್ತೂ ಆಗೋದಿಲ್ಲ. ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಒಂದು ತುಂಡು ಸುತ್ತಿ, ಎಣ್ಣೆ ಸವರಿ, ಅದರ ಮೇಲಿಂದ ಕವರ್ ಜಾರಿಸಿ, ಕೂತ ಮೇಲೆ ಪ್ಲಾಸ್ಟಿಕ್ ಎಳೆದು ತೆಗೀರಿ. ಹಳೇ ಪ್ಯಾಕಿಂಗ್ ಕೆರೆಯೋಕೆ ಬಿದಿರಿನ ಚಕ್ಕೆ ಸಾಕು, ಚಾಕು ತಗೊಂಡ್ರೆ ಅಲ್ಯೂಮಿನಿಯಮ್ಮಿಗೆ ಗೀರು ಬಿದ್ದು ಅದೇ ಎಣ್ಣೆಗೆ ಹೊಸ ದಾರಿ. ಸ್ಕ್ರೂಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕ್ಲಚ್ ಕೇಬಲ್ಲಿನ ಪ್ಲೇ (ಸಡಿಲ) ಮತ್ತೆ ಅಡ್ಜಸ್ಟ್ ಮಾಡಿ, ಅಷ್ಟಾದ್ರೆ ದೇವಿಮನೆ ಘಟ್ಟ ಇಳಿದು ಹತ್ತಿ ಬನ್ನಿ. ಕಾರಿನ ಹೊಸ ನಮೂನೆ ತೆಳು ಸಿಂಥೆಟಿಕ್ ಎಣ್ಣೆ ಮಾತ್ರ ಬೇಡ, ಕಾರ್ಕಿನ ಕ್ಲಚ್ ಪ್ಲೇಟ್ ಜಾರ್ತದೆ.

ಪ್ರಶ್ನೆ: ನಾವು ಕಾರವಾರದಲ್ಲಿ ಸಮುದ್ರದ ಹತ್ರವೇ ಇರೋದು. ಕ್ಲಚ್ ಕವರಿನ ಒಂದು ಸ್ಕ್ರೂ ಜಪ್ಪಯ್ಯ ಅಂದ್ರೂ ಬರ್ತಿಲ್ಲ, ತಲೆ ಸವೆದು ಹೋಗಿದೆ.

ಉತ್ತರ: ಉಪ್ಪುಗಾಳಿಗೆ ಅಲ್ಯೂಮಿನಿಯಂ ಕವರೂ ಕಬ್ಬಿಣದ ಸ್ಕ್ರೂವೂ ಒಂದಕ್ಕೊಂದು ಹಿಡ್ಕೊಂಡು ಬಿಡ್ತವೆ. ತುಕ್ಕು ಬಿಡಿಸೋ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸುತ್ತಿನ ಎಣ್ಣೆ ಪೂರ್ತಿ ಒರೆಸಿ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟು, ಹೀಟ್ ಗನ್ನಿಂದ ಕವರ್ ಬಿಸಿ ಮಾಡಿ, ಸುತ್ತಿಗೆಯಲ್ಲಿ ಹೊಡೆಯೋ ಇಂಪ್ಯಾಕ್ಟ್ ಡ್ರೈವರ್ ಇಟ್ಟು ನೆಟ್ಟಗೆ ಒಂದೇಟು. ವಾಪಸ್ ಹಾಕುವಾಗ ಪ್ರತಿ ಸ್ಕ್ರೂಗೂ ಗ್ರೀಸ್ ಸವರಿ.

ಪ್ರಶ್ನೆ: ಹೊರಗೆ ಒಂದು ಹನಿ ಸೋರಿಲ್ಲ, ಆದ್ರೂ ಗೇರ್ ಎಣ್ಣೆ ಕಮ್ಮಿ ಆಗ್ತಿದೆ, ಬಿಳಿ ಹೊಗೆ ವಿಪರೀತ. ಕುಮಟಾದಿಂದ.

ಉತ್ತರ: ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟು) ಎಡಗಡೆ ಎಣ್ಣೆ ತಡೆಯೋ ರಬ್ಬರ್, ಅಂದ್ರೆ ಆಯಿಲ್ ಸೀಲ್, ಹೋಗಿರಬೇಕು. ಟೂ ಸ್ಟ್ರೋಕ್ ಇಂಜಿನ್ನು ಕ್ಲಚ್ ಕಡೆಯ ಎಣ್ಣೆಯನ್ನ ಒಳಗೆ ಎಳ್ಕೊಂಡು ಸುಡ್ತಿದೆ. ಗೇರ್ ಎಣ್ಣೆ ಸ್ವಲ್ಪ ಬೆರಳಿಗೆ ತಗೊಂಡು ಮೂಸಿ, ಪೆಟ್ರೋಲ್ ವಾಸನೆ ಬಂದ್ರೆ ಇನ್ನು ಅನುಮಾನ ಬೇಡ. ಕ್ಲಚ್ ಪೂರ್ತಿ ಇಳಿಸಿ ಆ ಸೀಲ್ ಬದಲಿಸೋವರೆಗೆ ಗಾಡಿ ಓಡಿಸ್ಬೇಡಿ, ಪೆಟ್ರೋಲ್ ಬೆರೆತು ನೀರಾದ ಎಣ್ಣೆಯಲ್ಲಿ ಗೇರ್‌ಬಾಕ್ಸಿನ ಬುಶ್‌ಗಳು ಬೇಗ ಸವೀತವೆ.