ದೊಡ್ಡ ರೋಬೋಟ್‌ಗಳ ‘ಗಂಡಮ್’ ನೋಡಿ ತಮ್ಮ ಅತ್ತ. ಅಳುವಂಥದ್ದು ಅದರಲ್ಲಿ ಏನಿದೆ?

ನಿಮ್ಮ ಪ್ರಶ್ನೆ ಓದಿದೆ. ಹೈದರಾಬಾದಿನಲ್ಲಿ ಕೆಲಸಕ್ಕಿರುವ ತಮ್ಮ ರಜೆಗೆ ಬಂದವನು ರಾತ್ರಿಯೆಲ್ಲ ಕೂತು ‘ಮೊಬೈಲ್ ಸೂಟ್ ಗಂಡಮ್’ ಮುಗಿಸಿದ, ಕೊನೆಗೆ ಕಣ್ಣು ಒರೆಸಿಕೊಂಡ, ಕೇಳಿದರೆ ಏನೂ ಹೇಳದೆ ಎದ್ದು ಹೋದ ಅಂತ ಬರೆದಿದ್ದೀರಿ. 1979ರ ಹಳೇ ಜಪಾನಿ ಕಾರ್ಟೂನು, ಕಬ್ಬಿಣದ ಬೊಂಬೆಗಳ ಹೊಡೆದಾಟ, ಅದಕ್ಕೆ ಯಾಕೆ ಅಳಬೇಕು ಅಂತ ನಿಮ್ಮ ಪ್ರಶ್ನೆ.

ನಾನೂ ಅತ್ತಿದ್ದೇನೆ. ಅದಕ್ಕೇ ಬರೆಯಲು ಕೂತೆ.

ಆ 43 ಎಪಿಸೋಡುಗಳಲ್ಲಿ ಒಬ್ಬ ಹುಡುಗ ಮನೆ ಕಳೆದುಕೊಳ್ಳುತ್ತಾನೆ. ರೋಬೋಟು ಕೈಗೆ ಸಿಕ್ಕ ದಿನದಿಂದಲೇ ಒಂದೊಂದಾಗಿ ಎಲ್ಲ ಕೈಬಿಡುತ್ತಾ ಹೋಗುತ್ತದೆ. ಊರು ಬಿಟ್ಟು ಬಂದವರಿಗೆ ಇದು ಎಲ್ಲಿ ತಾಗುತ್ತದೆ ಅಂತ ಹೇಳಬೇಕಾದರೆ ಕಥೆಯನ್ನು ಕೊನೆಯವರೆಗೂ ಹೇಳಲೇಬೇಕು. ನೀವೇ ನೋಡಬೇಕು ಅಂತಿದ್ದರೆ ಇಲ್ಲಿಗೇ ನಿಲ್ಲಿಸಿ, ನೋಡಿ ಮುಗಿಸಿ ಆಮೇಲೆ ಬನ್ನಿ.

ಗಂಡಮ್‌ಗೂ ಮುಂಚೆಯೇ ಜಪಾನಿನ ಟಿವಿಯಲ್ಲಿ ರೋಬೋಟ್ ಕಥೆಗಳಿದ್ದವು. 1972ರ ‘ಮಾಝಿಂಗರ್ ಝೆಡ್’ ಬಂದ ಮೇಲೆ ಹುಡುಗನೊಬ್ಬ ರೋಬೋಟಿನೊಳಗೆ ಕೂತು ಓಡಿಸುವುದು, ಆಯುಧದ ಹೆಸರು ಕೂಗುವುದು, ವಾರಕ್ಕೊಂದು ರಾಕ್ಷಸ ಯಂತ್ರವನ್ನು ಕೆಡವುವುದು, ಇದೇ ರೂಢಿಯಾಗಿತ್ತು. ಗಂಡಮ್ ನಿರ್ದೇಶಕ ಯೊಶಿಯುಕಿ ತೊಮಿನೊ ಆ ಹುಡುಗನನ್ನು ತಂದು ಯುದ್ಧದ ಮಧ್ಯೆ ನಿಲ್ಲಿಸಿದರು. ಮೊದಲ ಎಪಿಸೋಡಿನ ಮೊದಲ ನಿಮಿಷಗಳಲ್ಲೇ ಹಿನ್ನೆಲೆ ದನಿ ಹೇಳಿಬಿಡುತ್ತದೆ: ಭೂಮಿಯ ಆಳ್ವಿಕೆಗೂ ಬಾಹ್ಯಾಕಾಶದಲ್ಲಿ ಕಟ್ಟಿದ ಜಿಯಾನ್ ಎಂಬ ರಾಜ್ಯಕ್ಕೂ ಯುದ್ಧ ಹತ್ತಿ, ಸುಮಾರು ಒಂದೇ ತಿಂಗಳಲ್ಲಿ ಎರಡೂ ಕಡೆಯ ಅರ್ಧದಷ್ಟು ಜನ ಸತ್ತುಹೋಗಿದ್ದಾರೆ. ಮಕ್ಕಳ ಕಾರ್ಯಕ್ರಮ ಶುರುವಾಗುವುದೇ ಹೀಗೆ.

ಆ ಹುಡುಗ ಅಮುರೊ ರೇ. ವಯಸ್ಸು 15. ಮೊದಲು ಕಾಣಿಸಿಕೊಳ್ಳುವಾಗ ಯಾವುದೋ ಯಂತ್ರ ಬಿಚ್ಚಿ ಹರಡಿಕೊಂಡು ಊಟ ತಿಂಡಿಯ ಪರಿವೆಯಿಲ್ಲದೆ ಕೂತಿರುತ್ತಾನೆ. ಪಕ್ಕದ ಮನೆಯ ಫ್ರಾವ್ ಬೋ ಬಂದು ಬೈಯುತ್ತಾಳೆ. ಅಮ್ಮ ದೂರದ ಭೂಮಿಯಲ್ಲಿ. ಅಪ್ಪ ಟೆಮ್ ರೇ ಇಂಜಿನಿಯರ್, ಗಂಡಮ್ ತಯಾರಿಸುವ ಕೆಲಸದಲ್ಲೇ ಮುಳುಗಿದವನು. ಇವರಿರುವುದು ಬಾಹ್ಯಾಕಾಶದಲ್ಲಿ ಕಟ್ಟಿದ ಒಂದು ಊರಿನಲ್ಲಿ. ಜಿಯಾನ್ ಸೈನಿಕರು ಅದರೊಳಗೆ ನುಗ್ಗುತ್ತಾರೆ. ಜನ ಸಾಯುತ್ತಿರುವಾಗಲೂ ಅಪ್ಪ ಯಂತ್ರವನ್ನು ಬಾಹ್ಯಾಕಾಶ ಹಡಗಿಗೆ ಸಾಗಿಸುವ ಗಡಿಬಿಡಿಯಲ್ಲಿದ್ದಾನೆ. ಜನರಿಗಿಂತ ಯಂತ್ರ ಹೆಚ್ಚಾಯಿತೇ ಅಂತ ಮಗ ಅಪ್ಪನ ಮೇಲೆ ಕಿರುಚುತ್ತಾನೆ. ಇನ್ನೊಂದು ಕ್ಷಣಕ್ಕೆ ಫ್ರಾವ್ ಬೋಳ ತಾಯಿ, ತಾತ ಇಬ್ಬರೂ ಅವಳ ಕಣ್ಣೆದುರೇ ಹೆಣವಾಗುತ್ತಾರೆ. ಅವಳನ್ನು ಎಬ್ಬಿಸಿ ಹಡಗಿನ ಕಡೆ ಓಡಿಸಿ, ಇವನು ಆ ಯಂತ್ರವನ್ನೇ ಹತ್ತುತ್ತಾನೆ. ಕೈಯಲ್ಲಿ ಮ್ಯಾನ್ಯುಯಲ್. ಯಾವ ಗುಂಡಿ ಒತ್ತಬೇಕು ಅಂತ ಓದಿಕೊಂಡೇ 18 ಮೀಟರ್ ಎತ್ತರದ ಯಂತ್ರವನ್ನು ಎದ್ದು ನಿಲ್ಲಿಸುತ್ತಾನೆ.

ಆಮೇಲೆ ಆಗುವುದನ್ನು ಬಹಳ ಜನ ಗಮನಿಸುವುದಿಲ್ಲ. ಅಮುರೊ ಕತ್ತರಿಸಿದ ಮೊದಲ ಶತ್ರು ಯಂತ್ರ ಸ್ಫೋಟವಾಗಿ ಊರಿನ ಗೋಡೆಯೇ ತೂತಾಗುತ್ತದೆ. ಆ ತೂತಿನಿಂದ ಹೊರಗೆ, ಗಾಳಿಯಿಲ್ಲದ ಕತ್ತಲೆಗೆ ಎಳೆದುಕೊಂಡು ಹೋದವರಲ್ಲಿ ಅವನ ಅಪ್ಪನೂ ಇದ್ದಾನೆ. ಹುಡುಗನ ಮೊದಲ ಗೆಲುವೇ ಅಪ್ಪನನ್ನು ಹೊರಗೆಸೆಯುತ್ತದೆ. ಅದು ಅವನಿಗೆ ಗೊತ್ತೂ ಇಲ್ಲ.

ಉಳಿದವರು ವೈಟ್ ಬೇಸ್ ಎಂಬ ಹಡಗು ಹತ್ತಿ ತಪ್ಪಿಸಿಕೊಳ್ಳುತ್ತಾರೆ. ಇನ್ನು ಮುಂದೆ ಇವರೇ ಸಿಬ್ಬಂದಿ. ಕ್ಯಾಪ್ಟನ್ ಜಾಗದಲ್ಲಿ ನಿಂತ ಬ್ರೈಟ್‌ಗೆ 19 ವರ್ಷ. ಉಳಿದವರೂ ಹುಡುಗರೇ, ಜೊತೆಗೆ ಹೆತ್ತವರಿಲ್ಲದ ಮೂರು ಪುಟ್ಟ ಮಕ್ಕಳು. ಇವರು ಒಬ್ಬರಿಗೊಬ್ಬರು ಹೊಂದಿಕೊಂಡು ಹೋಗುವವರೇನಲ್ಲ. ಸುಸ್ತಾಗಿ ‘ನಾನು ಹೋಗಲ್ಲ’ ಅಂತ ಮುದುಡಿ ಕೂತ ಅಮುರೊಗೆ ಬ್ರೈಟ್ ಎರಡು ಏಟು ಹೊಡೆಯುತ್ತಾನೆ. ಅಪ್ಪನೂ ನನ್ನನ್ನು ಹೊಡೆದಿರಲಿಲ್ಲ ಅಂತ ಅಮುರೊ ಕೂಗುವ ಆ ಮಾತು ಜಪಾನಿನಲ್ಲಿ ಇವತ್ತಿಗೂ ಮನೆಮಾತು. ಮುಂದೆ ಒಂದು ದಿನ, ತನ್ನ ಕೈಯಿಂದ ಗಂಡಮ್ ಕಿತ್ತುಕೊಳ್ಳುತ್ತಾರೆ ಅಂತ ಅನಿಸಿ, ಅದನ್ನು ತೆಗೆದುಕೊಂಡೇ ಮರುಭೂಮಿಗೆ ಓಡಿಹೋಗುತ್ತಾನೆ. ವಾಪಸ್ ಬಂದಾಗ ಕೋಣೆಗೆ ಹಾಕಿ ಬೀಗ ಜಡಿಯುತ್ತಾರೆ.

ನನಗೆ ತುಂಬಾ ಇಷ್ಟವಾದ ಒಂದು ಸಣ್ಣ ವಿಷಯ ಹೇಳುತ್ತೇನೆ. 16ನೇ ಎಪಿಸೋಡಿನಲ್ಲಿ ಹಡಗಿನ ಅಡುಗೆಯವನು ಉಪ್ಪು ಮುಗಿಯುತ್ತಿದೆ ಅಂತ ಬಂದು ಹೇಳುತ್ತಾನೆ. ಯುದ್ಧ ನಡೆದೇ ಇದೆ, ಇವರು ಉಪ್ಪು ಸಿಗುವ ಜಾಗ ಹುಡುಕಿಕೊಂಡು ಹೋಗುತ್ತಾರೆ. ರೋಬೋಟ್ ಕಥೆಯಲ್ಲಿ ಉಪ್ಪಿನ ಚಿಂತೆ! ಹೊಡೆದಾಟ, ಮುನಿಸು, ಅಡುಗೆಮನೆ, ಮಕ್ಕಳ ಗಲಾಟೆ ಎಲ್ಲ ಸೇರಿ ಆ ಹಡಗು ಮನೆ ಥರ ಆಗುತ್ತಾ ಹೋಗುತ್ತದೆ. ಯಾರಿಗೂ ಅದು ಗೊತ್ತಾಗುವುದಿಲ್ಲ, ನೋಡುವ ನಮಗೂ ಕೂಡ.

ಈಗ 13ನೇ ಎಪಿಸೋಡ್. ಅಮುರೊ ಅಮ್ಮನನ್ನು ಹುಡುಕಿಕೊಂಡು ಭೂಮಿಯಲ್ಲಿರುವ ತನ್ನ ಹಳೇ ಊರಿಗೆ ಹೋಗುತ್ತಾನೆ. ಮನೆ ಇದೆ. ಒಳಗೆ ಕುಡಿದು ಬಿದ್ದಿರುವ ಸೈನಿಕರು. ಅದೂ ಶತ್ರುಗಳಲ್ಲ, ಇವನ ಕಡೆಯವರೇ.

ಇಲ್ಲಿ ನಾನು ವಿಡಿಯೋ ನಿಲ್ಲಿಸಿ ಎದ್ದುಹೋಗಿದ್ದೆ. ನಮ್ಮದು ಸಾಗರದ ಕಡೆ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಕ್ಕನ ಮನೆ ಸೇರಿದಳು, ನಾನು ಪುಣೆಯಲ್ಲಿದ್ದೆ, ಮನೆ ಬಾಡಿಗೆಗೆ ಕೊಟ್ಟೆವು. ಎರಡು ವರ್ಷ ಬಿಟ್ಟು ಒಂದು ಮದುವೆಗೆ ಹೋದವನು ಸುಮ್ನೆ ಆ ಕಡೆ ನಡೆದೆ. ಜಗಲಿ ಕೆಳಗೆ ಬೇರೆಯವರ ಚಪ್ಪಲಿ. ಅಪ್ಪ ಅಡಿಕೆ ಸುಲಿಯಲು ಕೂರುತ್ತಿದ್ದ ಮೂಲೆಯಲ್ಲಿ ಯಾವುದೋ ಮಗುವಿನ ಮೂರು ಗಾಲಿ ಸೈಕಲ್. ಒಳಗಿಂದ ಒಬ್ಬರು ಹೆಂಗಸು ಬಂದು ‘ಯಾರು ಬೇಕಿತ್ತು?’ ಅಂದರು. ಪಾಪ, ಒಳ್ಳೆಯವರೇ. ‘ಯಾರೂ ಇಲ್ಲ, ದಾರಿ ತಪ್ಪಿತು’ ಅಂದು ಬಂದುಬಿಟ್ಟೆ. ಗೇಟಿನ ಚಿಲಕ ಸ್ವಲ್ಪ ಎತ್ತಿ ಎಳೆದರೆ ಮಾತ್ರ ಬೀಳುತ್ತೆ, ನನ್ನ ಕೈಗೆ ಅದು ನೆನಪಿತ್ತು.

ಅಮುರೊ ಕೊನೆಗೆ ಅಮ್ಮನನ್ನು ನಿರಾಶ್ರಿತರ ಶಿಬಿರದಲ್ಲಿ ಕಾಣುತ್ತಾನೆ. ಅವಳು ಅಲ್ಲಿ ಕಾಯಿಲೆಯವರ ಸೇವೆ ಮಾಡುತ್ತಿದ್ದಾಳೆ. ಅಪ್ಪಿಕೊಂಡು ಅಳುತ್ತಾರೆ. ಅಷ್ಟರಲ್ಲಿ ಜಿಯಾನ್ ಸೈನಿಕರು ಬರುತ್ತಾರೆ. ಹುಡುಗನನ್ನು ರೋಗಿಯ ಥರ ಹಾಸಿಗೆಯಲ್ಲಿ ಮಲಗಿಸಿ ಹೊದಿಕೆ ಹಾಕುತ್ತಾರೆ. ಅವನ ಬಳಿಯಿದ್ದ ಸಂಪರ್ಕ ಯಂತ್ರ ಸದ್ದು ಮಾಡಿಬಿಡುತ್ತದೆ. ಸೈನಿಕ ಹೊದಿಕೆ ಸರಿಸಲು ಬಂದಾಗ ಅಮುರೊ ಒಳಗಿಂದಲೇ ಗುಂಡು ಹಾರಿಸುತ್ತಾನೆ.

ಆಗ ಅಮ್ಮನ ಮುಖ ನೋಡಬೇಕು. ಆ ಸೈನಿಕನಿಗೂ ಹೆಂಡತಿ ಮಕ್ಕಳು ಇರಬಹುದಲ್ಲ, ನಿನ್ನನ್ನು ನಾನು ಹೀಗೆ ಬೆಳೆಸಲಿಲ್ಲ ಅನ್ನುತ್ತಾಳೆ. ಇದು ಯುದ್ಧ ಅಮ್ಮ ಅನ್ನುತ್ತಾನೆ ಇವನು. ಇಬ್ಬರದ್ದೂ ಸರಿ. ಅವಳು ನೆನಪಿನಲ್ಲಿ ಇಟ್ಟುಕೊಂಡಿರುವುದು ಸಣ್ಣ ಮಗುವನ್ನು. ಆ ಮಗು ಈಗ ಇಲ್ಲ, ಅವನು ಹೇಗೆ ಬದುಕಿ ಉಳಿದ ಅಂತ ಅವಳಿಗೆ ಹೇಳಲು ಇವನ ಹತ್ತಿರ ಮಾತಿಲ್ಲ. ಕೊನೆಗೆ ಹಡಗಿನವರು ಕರೆದೊಯ್ಯಲು ಬಂದಾಗ ಅಮ್ಮನ ಎದುರು ನೆಟ್ಟಗೆ ನಿಂತು ಸೈನಿಕನಂತೆ ಸೆಲ್ಯೂಟ್ ಹೊಡೆದು, ಆರೋಗ್ಯ ನೋಡಿಕೊಳ್ಳಿ ಅಂತ ಹೇಳಿ ಹೊರಡುತ್ತಾನೆ. ಅವಳು ನೆಲಕ್ಕೆ ಕುಸಿದು ಅಳುತ್ತಾಳೆ. ಹೆತ್ತವಳಿಗೆ ಸೆಲ್ಯೂಟ್, ಯೋಚನೆ ಮಾಡಿ. ಆಮೇಲೆ ಅವನು ಅವಳನ್ನು ಭೇಟಿಯಾಗುವುದೇ ಇಲ್ಲ.

ಇನ್ನೊಂದು ಇದೆ, 33ನೇದು. ನನಗೆ ಇದೇ ಜಾಸ್ತಿ ಕಷ್ಟವಾದದ್ದು. ಯುದ್ಧದಲ್ಲಿ ಯಾರ ಪಕ್ಷಕ್ಕೂ ಸೇರದ ಒಂದು ಊರಿನಲ್ಲಿ ಹಡಗು ನಿಂತಿದೆ. ಅಮುರೊ ರಸ್ತೆಯಲ್ಲಿ ಅಪ್ಪನನ್ನು ಕಾಣುತ್ತಾನೆ! ಸತ್ತನೆಂದುಕೊಂಡಿದ್ದ ಅಪ್ಪ. ಹಿಂದೆ ಓಡುತ್ತಾನೆ. ಅಪ್ಪ ಗುಜರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದಾನೆ. ಮಗ ಬಂದದ್ದಕ್ಕೆ ಆಶ್ಚರ್ಯವಿಲ್ಲ, ಸಂತೋಷವಿಲ್ಲ. ನೇರ ಗಂಡಮ್ ಹೇಗಿದೆ ಅಂತ ಶುರು ಮಾಡುತ್ತಾನೆ. ತಾನೇ ಮಾಡಿದ ಒಂದು ಬಿಡಿಭಾಗ ಮಗನ ಕೈಗಿಟ್ಟು, ಇದನ್ನು ಹಾಕು, ಗಂಡಮ್ ಎಲ್ಲಿಂದೆಲ್ಲಿಗೋ ಹೋಗುತ್ತದೆ ನೋಡು ಅನ್ನುತ್ತಾನೆ. ಭೂಮಿಯಲ್ಲಿ ಅಮ್ಮನನ್ನು ನೋಡಿದೆ ಅಂತ ಮಗ ಹೇಳಿದರೆ, ಆ ಮಾತು ಅವನ ಮನಸ್ಸಿಗೆ ತಾಗುವುದಿಲ್ಲ. ಬೇಗ ಹೋಗಿ ಜೋಡಿಸು ಅಂತ ಅವಸರ. ಆ ದಿನ ಗಾಳಿಯಿಲ್ಲದ ಕಡೆ ತೇಲಿ, ಆಮ್ಲಜನಕ ಸಾಲದೆ ಅಪ್ಪನ ಬುದ್ಧಿಗೆ ಏಟು ಬಿದ್ದಿದೆ.

ಅಮುರೊ ಹೊರಗೆ ಬಂದು ಆ ಭಾಗ ನೋಡುತ್ತಾನೆ. ಯಂತ್ರ ಬಿಚ್ಚಿ ಜೋಡಿಸಿ ಬೆಳೆದ ಹುಡುಗ, ಒಂದೇ ನೋಟಕ್ಕೆ ತಿಳಿಯುತ್ತದೆ. ಹಳೇ ಕಾಲದ್ದು, ಏನೂ ಉಪಯೋಗವಿಲ್ಲ. ರಸ್ತೆಗೆ ಎತ್ತಿ ಬಡಿಯುತ್ತಾನೆ, ಓಡುತ್ತಾನೆ. ಮಾತಿಲ್ಲ. ನಮ್ಮ ಮಂದಿಯಲ್ಲಿ ಅಪ್ಪ ಮಗನಿಗೆ ಪ್ರೀತಿ ತೋರಿಸುವುದು ಹೀಗೆಯೇ ಅಲ್ವಾ, ಒಂದು ವಸ್ತು ಕೈಗಿಟ್ಟು, ‘ಇದನ್ನು ಇಟ್ಕೋ, ಬೇಕಾಗುತ್ತೆ’ ಅಂತ. ಆ ವಸ್ತು ಉಪಯೋಗಕ್ಕೆ ಬರಲ್ಲ ಅಂತ ಗೊತ್ತಾಗುವ ದಿನ ಮಗನಿಗೆ ಬಹಳ ಕೆಟ್ಟ ದಿನ.

ಹಡಗಿನಲ್ಲಿದ್ದ ಕಾಯ್ ಎಂಬ ಹುಡುಗನ ಕಥೆ, ತಮ್ಮ ತಂಗಿಯರ ಹೊಟ್ಟೆ ತುಂಬಿಸಲು ಬೇಹುಗಾರಿಕೆ ಮಾಡಿ ಕೊನೆಗೆ ಪ್ರಾಣ ಬಿಡುವ ಮಿಹಾರು ಕಥೆ (27, 28ನೇ ಎಪಿಸೋಡು) ಬೇರೆಯೇ ಒಂದು ಉತ್ತರ ಬೇಡುತ್ತವೆ. ಅದನ್ನು ಇಲ್ಲಿ ಬಿಡುತ್ತೇನೆ.

ಇನ್ನು ಲಾಲಾ. ಹಣೆಯಲ್ಲಿ ಬೊಟ್ಟು ಇರುವ ಹುಡುಗಿ. ಶತ್ರು ಪಡೆಯ ಶಾರ್ ಜೊತೆಗಿರುವವಳು. 41ನೇ ಎಪಿಸೋಡಿನಲ್ಲಿ ಅವಳ ಮನಸ್ಸೂ ಅಮುರೊ ಮನಸ್ಸೂ ಯುದ್ಧದ ನಡುವೆಯೇ ಒಂದಕ್ಕೊಂದು ಕಾಣುತ್ತವೆ (ದೂರದವರ ಮನಸ್ಸನ್ನು ಗ್ರಹಿಸುವ ಶಕ್ತಿ ಈ ಕಥೆಯಲ್ಲಿ ಕೆಲವರಿಗಿದೆ). ಆಗ ಅವಳು ಕೇಳುವುದು ಒಂದೇ ಮಾತು. ನೀನು ಕಾಪಾಡಬೇಕಾದವರು ಯಾರೂ ಇಲ್ಲ, ನಿನ್ನೊಳಗೆ ಮನೆಯವರೂ ಇಲ್ಲ, ಊರೂ ಇಲ್ಲ, ಮತ್ತೆ ಯಾಕೆ ಇಷ್ಟು ಚೆನ್ನಾಗಿ ಹೋರಾಡುತ್ತೀಯ? ಅಮುರೊ ಹತ್ತಿರ ಉತ್ತರವಿಲ್ಲ. ಅದಾಗಿ ಸ್ವಲ್ಪ ಹೊತ್ತಿಗೇ, ಶಾರ್‌ಗೆ ಬೀಳಬೇಕಾದ ಏಟಿಗೆ ಅವಳು ಅಡ್ಡ ಬರುತ್ತಾಳೆ. ಅಮುರೊ ಕೈಯಲ್ಲೇ ಸಾಯುತ್ತಾಳೆ. ಅವನನ್ನು ಪೂರ್ತಿ ಅರ್ಥ ಮಾಡಿಕೊಂಡಿದ್ದ ಒಬ್ಬಳೇ ಒಬ್ಬಳು.

ನಿಮ್ಮ ತಮ್ಮ ಕಣ್ಣು ಒರೆಸಿಕೊಂಡ ಕೊನೆಯ ಎಪಿಸೋಡು ಆ ಪ್ರಶ್ನೆಗೇ ಉತ್ತರ. ಕೋಟೆಯಂಥ ದೊಡ್ಡ ಬಂಡೆಯಲ್ಲಿ ಕೊನೆಯ ಕಾಳಗ. ಗಂಡಮ್ ತಲೆ ಹೋಗಿದೆ, ಕೈ ಹೋಗಿದೆ. ಅಮುರೊಗೆ ಗಾಯ, ಸುತ್ತ ಬೆಂಕಿ, ಇಲ್ಲೇ ಮುಗಿಯಿತು ಅಂತ ಅವನೂ ಅಂದುಕೊಂಡಿದ್ದಾನೆ. ಗಂಡಮ್ ಹೊಟ್ಟೆಯಲ್ಲಿ ಕೋರ್ ಫೈಟರ್ ಅಂತ ಒಂದು ಪುಟ್ಟ ವಿಮಾನ ಇದೆ, ಅದರಲ್ಲಿ ಕೂತು ಮನಸ್ಸಿನಿಂದಲೇ ವೈಟ್ ಬೇಸ್‌ನವರಿಗೆ ಬೇಗ ಹೊರಗೆ ಬನ್ನಿ ಅಂತ ಕೂಗಿ ಹೇಳುತ್ತಾನೆ. ಎಲ್ಲರನ್ನೂ ಹೊರಗೆ ಕಳಿಸುತ್ತಾನೆ. ಅವರು ಸಣ್ಣ ದೋಣಿಯಲ್ಲಿ ತಪ್ಪಿಸಿಕೊಂಡು ನಿಂತಿದ್ದಾರೆ. ಎದುರಿಗೆ ಎಲ್ಲ ಸಿಡಿಯುತ್ತಿದೆ. ಅಮುರೊ ಮಾತ್ರ ಬಂದಿಲ್ಲ. ದೊಡ್ಡವರಿಗೆ ಯಾರಿಗೂ ಅವನ ಸುಳಿವು ಸಿಗುತ್ತಿಲ್ಲ.

ಆಗ ಆ ಮೂರು ಪುಟ್ಟ ಮಕ್ಕಳು ಎದ್ದು ನಿಲ್ಲುತ್ತವೆ. ಅವರಿಗೆ ಕಾಣುತ್ತಿದೆ. ಹೀಗೆ, ಈ ಕಡೆ, ಅಲ್ಲ ಆ ಕಡೆ ಅಂತ ದಾರಿ ಹೇಳುತ್ತವೆ. ಆಮೇಲೆ ಲೆಕ್ಕ ಹಾಕಲು ಶುರು ಮಾಡುತ್ತವೆ, ಐದು, ನಾಲ್ಕು, ಮೂರು. ಸೊನ್ನೆ ಅನ್ನುವಾಗ ಬೆಂಕಿಯೊಳಗಿಂದ ಆ ಪುಟ್ಟ ವಿಮಾನ ಹೊರಗೆ ಬರುತ್ತದೆ. ಅಮುರೊ ದೂರದಲ್ಲಿ ದೋಣಿ ನೋಡುತ್ತಾನೆ. ಸತ್ತುಹೋದ ಲಾಲಾಗೆ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಾನೆ, ನನಗೆ ಇನ್ನೂ ವಾಪಸ್ ಹೋಗಲು ಒಂದು ಜಾಗ ಇದೆ, ಇದಕ್ಕಿಂತ ಸಂತೋಷ ಬೇರೆ ಇಲ್ಲ ಅಂತ. ಬೆಲ್ಟು ಬಿಚ್ಚಿ, ಗಂಡಮ್‌ನಲ್ಲಿ ಉಳಿದಿದ್ದ ಆ ಕೊನೆಯ ತುಂಡನ್ನೂ ಅಲ್ಲೇ ಬಿಟ್ಟು, ಎರಡು ಕೈ ಚಾಚಿ ತೇಲುತ್ತಾ ಬರುತ್ತಾನೆ. ಈ ಕಡೆಯಿಂದ ಎಲ್ಲರ ಕೈಗಳೂ ಚಾಚಿವೆ. ಹೊಡೆದ ಬ್ರೈಟ್ ಕೂಡ ಅಲ್ಲಿದ್ದಾನೆ.

ಇಷ್ಟು ಬರೆಯುವಾಗಲೂ ನನ್ನ ಗಂಟಲು ಕಟ್ಟಿತು.

ನೀವು ನೋಡುವುದಾದರೆ ಒಂದೆರಡು ಮಾತು. ಮೊದಲು ಇದಕ್ಕೆ 52 ಎಪಿಸೋಡು ಅಂತ ಯೋಜನೆ ಇತ್ತು. ನೋಡುವವರು ಕಡಿಮೆ, ಆಟಿಕೆಯೂ ಸಾಕಷ್ಟು ಹೋಗಲಿಲ್ಲ ಅಂತ 43ಕ್ಕೆ ಕತ್ತರಿಸಿದರು, 1980ರ ಜನವರಿಯಲ್ಲಿ ಮುಗಿಯಿತು. ಮರುಪ್ರಸಾರ ಆದ ಮೇಲೆ, ಅದೇ ವರ್ಷ ಬಂಡಾಯ್ ಕಂಪನಿಯ ಪ್ಲಾಸ್ಟಿಕ್ ಜೋಡಣೆ ಬೊಂಬೆಗಳು ಬಂದ ಮೇಲೆ ಜನ ಮುಗಿಬಿದ್ದರು. 1981, 82ರಲ್ಲಿ ಇದನ್ನೇ ಮೂರು ಸಿನಿಮಾ ಮಾಡಿದರು. ಸಮಯ ಕಡಿಮೆ ಇದ್ದರೆ ಆ ಮೂರನ್ನು ನೋಡಬಹುದು, ಆದರೆ ನಾನಂತೂ ಪೂರ್ತಿ ಸರಣಿಯನ್ನೇ ನೋಡಿ ಅನ್ನುತ್ತೇನೆ. ಉಪ್ಪು ಹುಡುಕುವಂಥ ವಾರಗಳನ್ನು ದಾಟಿ ಬಂದರೇ ಆ ಕೊನೆಯ ಕೈಗಳಿಗೆ ತೂಕ ಬರುವುದು. ಕೊನೆಕೊನೆಗೆ ಚಿತ್ರಗಳು ಸ್ವಲ್ಪ ಒರಟಾಗುತ್ತವೆ. ಪಾತ್ರಗಳ ಚಿತ್ರ ಬರೆಯುತ್ತಿದ್ದ ಯೊಶಿಕಾಝು ಯಾಸುಹಿಕೊ ಆಗ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದರು. ಅದನ್ನು ನೋಡಿ ಬಿಟ್ಟುಬಿಡಬೇಡಿ.

ತಮ್ಮನನ್ನು ಯಾಕೆ ಅತ್ತೆ ಅಂತ ಕೇಳಬೇಡಿ. ಅವನು ಮತ್ತೆ ಬಂದಾಗ 13ನೇದನ್ನು ಹಾಕಿ ಜೊತೆಯಲ್ಲಿ ಕೂತು ನೋಡಿ. ಆಗಬಹುದಾದರೆ ನಿಮ್ಮ ಅಮ್ಮನನ್ನೂ ಕೂರಿಸಿಕೊಳ್ಳಿ.