ಹಸ್ಕಿಗೆ ‘ಮಶ್’ ಅಂದರೆ ಯಾಕೆ ಓಡಲ್ಲ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಸೈಬೀರಿಯನ್ ಹಸ್ಕಿಗೆ ‘ಮಶ್, ಮಶ್’ ಅಂತ ಎಷ್ಟು ಕೂಗಿದರೂ ಕದಲುವುದಿಲ್ಲ. ಸ್ಲೆಡ್ (ಹಿಮದ ಮೇಲೆ ಜಾರುವ ಬಂಡಿ) ಎಳೆಯುವ ತಳಿಯಲ್ಲವೇ? ಮಶ್ ಅಂದರೆ ಅಸಲಿಗೆ ಏನು?

ಉತ್ತರ: ಸಿನಿಮಾ ನೋಡಿ ಹಸ್ಕಿ ಕೊಂಡವರೆಲ್ಲ ಕೇಳುವ ಪ್ರಶ್ನೆ ಇದು. ನಾಯಿಯಲ್ಲಿ ದೋಷವಿಲ್ಲ, ಕಲಿಸದ ಮಾತು ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಫ್ರೆಂಚರ ‘ಮಾರ್ಶೆ’ (ನಡೆಯಿರಿ) ಉತ್ತರ ಅಮೆರಿಕದ ಇಂಗ್ಲಿಷಿನವರ ಬಾಯಲ್ಲಿ ಸವೆದು ‘ಮಶ್’ ಆಯಿತು ಎನ್ನುತ್ತವೆ ನಿಘಂಟುಗಳು. ನಾಯಿಗಳ ಜೊತೆ ಹಿಮದ ಮೇಲೆ ಸಾಗುವುದು ಮಶಿಂಗ್, ಸಾಗಿಸುವವರು ಮಷರ್. ಮಕ್ಕಳು ಗುಡ್ಡದಿಂದ ಸ್ಲೆಡ್ ಮೇಲೆ ಜಾರುವುದಕ್ಕೆ ಈ ಪದ ಸಲ್ಲದು. ಹಾಗಂತ ಮಷರ್ ಆರಾಮಾಗಿ ಕೂತು ಸವಾರಿ ಮಾಡುವವರೂ ಅಲ್ಲ. ಸ್ಲೆಡ್ಡಿನ ಹಿಂದೆ ಜಾರುಪಟ್ಟಿಗಳ ಮೇಲೆ ನಿಂತು, ಆಗಾಗ ಒಂದು ಕಾಲಿನಿಂದ ನೆಲ ಒದೆಯುತ್ತಾರೆ. ಏರು ಬಂದರೆ ಇಳಿದು ತಳ್ಳಿಕೊಂಡು ಓಡುತ್ತಾರೆ.

ತಮಾಷೆಯೆಂದರೆ ಇಂದಿನ ಮಷರ್‌ಗಳು ‘ಮಶ್’ ಅನ್ನುವುದೇ ಅಪರೂಪ. ಹೊರಡಲು ‘ಹೈಕ್’, ಬಲಕ್ಕೆ ‘ಜೀ’, ಎಡಕ್ಕೆ ‘ಹಾ’, ನಿಲ್ಲಲು ‘ವೋ’. ಎತ್ತಿನ ಗಾಡಿಯಂತೆ ಜಗ್ಗಲು ಹಗ್ಗವಿಲ್ಲ, ಎಲ್ಲವೂ ಬಾಯಿಮಾತು. ಅದನ್ನು ಕೇಳಿ ತಿರುಗಬೇಕಾದದ್ದು ಎಲ್ಲಕ್ಕಿಂತ ಮುಂದಿರುವ ಲೀಡ್ ನಾಯಿ, ಉಳಿದವು ಅದರ ಹಿಂದೆ. ಪಳಗಿದ ಸ್ಲೆಡ್ ನಾಯಿಗಳನ್ನು ಹೊರಡಿಸುವುದು ಕಷ್ಟವೇ ಅಲ್ಲ. ಸ್ಲೆಡ್ ಎಳೆಯುವ ಪಟ್ಟಿ ತೊಡಿಸಿದರೆ ಸಾಕು, ಕಿರುಚಿ ನೆಗೆದು ಸ್ಲೆಡ್ ಕಿತ್ತುಕೊಂಡೇ ಓಡುವ ಹಟ! ಅದಕ್ಕೇ ಹೊರಡುವ ತನಕ ಸ್ಲೆಡ್ಡನ್ನು ಕಂಬಕ್ಕೆ ಕಟ್ಟಿರುತ್ತಾರೆ. ದಾರಿಯಲ್ಲಿ ನಿಲ್ಲಿಸಲು ಕಾಲಿನ ಬ್ರೇಕ್, ಜೊತೆಗೆ ಹಿಮಕ್ಕೆ ತುಳಿದು ನೆಡುವ ಕಬ್ಬಿಣದ ಕೊಕ್ಕೆ. ನೀವು ಕಲಿಸುವುದಾದರೆ ಮೊದಲು ‘ವೋ’ ಕಲಿಸಿ.

ಪ್ರಶ್ನೆ: ಅಲಾಸ್ಕಾದ ನೋಮ್ ಊರಿಗೆ ಡಿಫ್ತೀರಿಯಾ ಔಷಧ ಮುಟ್ಟಿಸಿದ್ದು ಬಾಲ್ಟೋ ಎಂಬ ನಾಯಿ ಒಂದೇ ಅಲ್ಲವೇ?

ಉತ್ತರ: ಅಲ್ಲ. 1925ರ ಆ ಓಟ 20 ಮಷರ್‌ಗಳ ಸರದಿ ಓಟ. ಬಾಲ್ಟೋ ಕೊನೆಯ ತಂಡದ್ದು, ಅತಿ ಉದ್ದದ ಹಾದಿ ಓಡಿದ್ದು ಟೋಗೋ ಎಂಬ ನಾಯಿ ಇದ್ದ ತಂಡ.

ಪ್ರಶ್ನೆ: ಬೇಸಿಗೆಗೆ ಹಸ್ಕಿಯ ಕೂದಲು ಬೋಳಿಸಿ ಅಂತಾರೆ ಪೆಟ್ ಅಂಗಡಿಯವರು.

ಉತ್ತರ: ಅಂಗಡಿ ಬದಲಿಸಿ. ಆ ಎರಡು ಪದರದ ಕೂದಲೇ ಚರ್ಮಕ್ಕೆ ಬಿಸಿಲಿನಿಂದ ರಕ್ಷಣೆ. ಬೋಳಿಸಿದ್ದು ಮೊದಲಿನಂತೆ ಬೆಳೆಯುತ್ತದೆಂಬ ಖಾತ್ರಿಯೂ ಇಲ್ಲ. ಉದುರುವ ಒಳಕೂದಲನ್ನು ಬಾಚಿ ತೆಗೆದರೆ ಸಾಕು.

ಪ್ರಶ್ನೆ: ಬೆಂಗಳೂರಿನಲ್ಲಿ ಚಕ್ರದ ಗಾಡಿ ಎಳೆಸಬಹುದೇ?

ಉತ್ತರ: ನನ್ನನ್ನು ಕೇಳಿದರೆ ಬೇಡ. ಹಿಮವಿಲ್ಲದ ಕಡೆಯೂ ಮಶಿಂಗ್ ಉಂಟು, ಆದರೆ ಅದು ಚಳಿಯ ಹೊತ್ತಿನ ಆಟ. ಮಾಡಿಯೇ ತೀರುವಿರಾದರೆ ಡಿಸೆಂಬರ್ ನಸುಕಿನಲ್ಲಿ, ಮಣ್ಣಿನ ಹಾದಿಯಲ್ಲಿ, ಎದೆಗೆ ಹಾಕುವ ಹಾರ್ನೆಸ್‌ನಲ್ಲಿ. ಕೊರಳಪಟ್ಟಿಗೆ ಗಾಡಿ ಕಟ್ಟಬೇಡಿ. ಏದುಸಿರು ನಿಲ್ಲದೆ ತೂರಾಡತೊಡಗಿದರೆ ಮೈಗೆ ನೀರು ಸುರಿದು ತಕ್ಷಣ ಹತ್ತಿರದ ಪಶುವೈದ್ಯರಲ್ಲಿಗೆ ಒಯ್ಯಿರಿ. ಆಗ ನನಗೆ ಪತ್ರ ಬರೆಯುತ್ತ ಕೂರಬೇಡಿ.